ಎಂಟು ನಲವತ್ಮೂರರ ಮೇಸ್ತ್ರಿ

ಬ್ರೇಕು ಕೈಕೊಡಬಹುದಿತ್ತು. ಬ್ರೇಕು ಸರಿಯಿದ್ದರೂ ಡ್ರೈವರ್ ನಾಗರಾಜ ಗಾಬರಿಯಲ್ಲಿ ಅದರ ಬದಲು ಕ್ಲಚ್ಚು ತುಳಿಯಬಹುದಿತ್ತು. ಆಕ್ಸಲ್ಲು ಮುರಿದು ಚಕ್ರ ನಮಗಿಂತ ಮುಂಚೆ ಊರು ಸೇರಬಹುದಿತ್ತು. ಹಾಲಿನ ಕ್ಯಾನುಗಳ ಹಗ್ಗ ಬಿಚ್ಚಿಕೊಂಡು, ಅವೆಲ್ಲ ಒಂದರ ಹಿಂದೊಂದು ಗುಡ್ಡ ಉರುಳಿ, ಕೆಳಗೆ ಕಾದು ನಿಂತ ಡೇರಿ ಅಧಿಕಾರಿಯ ಕಾಲಬುಡದಲ್ಲೇ ಹೋಗಿ ನಿಲ್ಲಬಹುದಿತ್ತು. ಕುಲುಕಾಟಕ್ಕೆ ಹಾಲು ಬೆಣ್ಣೆ ಕಟ್ಟಬಹುದಿತ್ತು. ದಾರಿಗೆ ಯಾರದೋ ಎಮ್ಮೆ ಅಡ್ಡ ಮಲಗಬಹುದಿತ್ತು. ಎಮ್ಮೆಯ ಯಜಮಾನ ನಮ್ಮ ಅಧ್ಯಕ್ಷರ ವಿರೋಧಿ ಪಾರ್ಟಿಯವನಾಗಿರಬಹುದಿತ್ತು. ಡೇರಿ ಲಾರಿ ಅರ್ಧ ಗಂಟೆ ಮುಂಚೆ ಬರಬಹುದಿತ್ತು. ಅಧಿಕಾರಿಯ ಗಡಿಯಾರ ಹತ್ತು ನಿಮಿಷ ಮುಂದಿರಬಹುದಿತ್ತು. ಹಿಂದಿನ ದಿನ ಈ ಪಟ್ಟಿಯನ್ನು ಹೆಂಡತಿಗೆ ಓದಿ ಹೇಳಿದಾಗ ಅವಳು, “ಸೂರ್ಯ ಹುಟ್ಟದೇ ಇರೋದನ್ನ ಬರ್ಕೊಂಡಿಲ್ವಲ್ಲ ನೀವು” ಅಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ನಾನು ಅದನ್ನೂ ಬರೆದುಕೊಂಡೆ.

ಆ ಬೆಳಗಿನ ಜೀಪಿಗೆ ಗೇರು, ಟೈರು ಆರಿಸಿ ಕೂರಿಸಿಕೊಟ್ಟ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರಂತೆ. ನಾಗರಾಜ ಫೋನು ಮಾಡಿ ಹೇಳಿದ. ಅವನಿಗೂ ತಿಥಿ ಮುಗಿದ ಮೇಲೆ ಗೊತ್ತಾಯಿತಂತೆ. ಅವರ ಶೆಡ್ಡಿನಲ್ಲಿ ಈಗ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಬಂದಿದೆ. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ವಾಡಿಕೆಯೆಂದು ನಾನೂ ಪೆನ್ನು ಹಿಡಿದು ಕೂತೆ. “ಸೌಮ್ಯ ಸ್ವಭಾವದವರು” ಎಂದು ಬರೆದು ನೋಡಿದೆ, ನಗು ಬಂತು. “ಎಲ್ಲರಿಗೂ ಬೇಕಾದವರು” ಎಂದು ಬರೆದೆ; ಅದು ಇನ್ನೂ ದೊಡ್ಡ ಸುಳ್ಳು. ನನಗೆ ತಿಳಿದ ಮಟ್ಟಿಗೆ ಆ ಮನುಷ್ಯ ಬದುಕಿದ್ದಷ್ಟು ದಿನ ಒಬ್ಬರಿಗೂ ಒಂದು ಒಳ್ಳೆಯ ಮಾತಾಡಿದವರಲ್ಲ. ಈಗ ಅವರ ಬಗ್ಗೆ ಹಾಗೆಲ್ಲ ಬರೆದರೆ ಎದ್ದು ಬಂದು ಬೈದಾರು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಚಿಂತಾಮಣಿಯಲ್ಲಿ ಚೇಳೂರು ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಬೋರ್ಡಿರಲಿಲ್ಲ. “ಬೋರ್ಡ್ ನೋಡ್ಕೊಂಡು ಬರೋನು ನಂಗೆ ಬೇಡ” ಎನ್ನುತ್ತಿದ್ದರು. ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಗಾಡಿ ರಿಪೇರಿ ಮಾಡಿ ಬಂದವರು. ಖಾಕಿ ಚಡ್ಡಿ, ಎಣ್ಣೆ ಕುಡಿದು ಕರ್ರಗಾದ ಬನಿಯನ್ನು, ಬೇರೆ ಮೆಕ್ಯಾನಿಕ್ಕುಗಳು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಯ ಮೇಲೆ ಒಂದು ತುಂಡು ಸೀಮೆಸುಣ್ಣ. ಕನ್ನಡದಲ್ಲಿ ಶುರುವಾದ ಬೈಗುಳ ತೆಲುಗಿನಲ್ಲಿ ಮುಗಿಯುತ್ತಿತ್ತು. ತೀರಾ ತಲೆ ಕೆಟ್ಟರೆ ಮಿಲಿಟರಿ ಹಿಂದಿ. ತಿರಸ್ಕಾರದಲ್ಲಿ ಅವರಿಗೆ ಮೂರು ಗೇರು. ಮೊದಲನೆಯದು, ಬರೀ “ಹೂಂ”. ಎರಡನೆಯದು, ನೀವು ಮಾತಾಡುತ್ತಿರುವಾಗಲೇ ಗಾಡಿಯ ಕೆಳಗೆ ತೂರಿಕೊಳ್ಳುವುದು. ಮೂರನೆಯದು, ನೀವು ಅಲ್ಲಿಲ್ಲವೇ ಇಲ್ಲ ಎನ್ನುವ ಹಾಗೆ ನಿಮ್ಮ ಡ್ರೈವರನ್ನು ಮಾತಾಡಿಸುವುದು.

ಮೂರನೆಯ ಗೇರನ್ನು ನಾನು ಕಣ್ಣಾರೆ ನೋಡಿದ್ದು ಗೌರಿಬಿದನೂರು ಕಡೆಯ ಒಬ್ಬ ಕಲ್ಲುಕ್ವಾರಿ ಯಜಮಾನರ ಮೇಲೆ. ಅವರ ಲಾರಿಯ ಆಕ್ಸಲ್ ಗೇರು ಆ ವರ್ಷ ಮೂರನೆಯ ಸಲ ಹಲ್ಲುದುರಿಸಿಕೊಂಡು ಬಂದಿತ್ತು. ಯಜಮಾನರು ಲಾರಿಯ ಹಿಂದೆಯೇ ಕಾರಿನಲ್ಲಿ ಬಂದು, “ದುಡ್ಡಿನ ಮುಖ ನೋಡ್ಬೇಡಿ ಮೇಸ್ತ್ರಿ, ಒಳ್ಳೆ ಕಂಪನಿದು ಹಾಕಿ” ಅಂದರು. ಮೇಸ್ತ್ರಿ ಅವರ ಕಡೆ ತಿರುಗಲೂ ಇಲ್ಲ. ಲಾರಿ ಡ್ರೈವರನ್ನು ಕರೆದು, “ಏಮಯ್ಯಾ, ಲೋಡ್ ಹಾಕ್ಕೊಂಡು ಗುಂಡಿಯಿಂದ ಮೇಲೆ ಬರೋವಾಗ ಕ್ಲಚ್ ಹೆಂಗೆ ಬಿಡ್ತೀಯ?” ಎಂದು ಕೇಳಿದರು.

“ಮೆಲ್ಲಗೆ ಬಿಡಕ್ಕೆ ಟೈಮೆಲ್ಲಿ ಮೇಸ್ತ್ರಿ. ಇವತ್ತೆಷ್ಟು ಟ್ರಿಪ್ಪು ಅಂತ ಯಜಮಾನ್ರು ಕೇಳ್ತಾರೆ. ಹಂಗೇ ಬಿಟ್ಬಿಡ್ತೀನಿ.”

ಆಗ ಮೇಸ್ತ್ರಿ ಯಜಮಾನರತ್ತ ಮೊದಲ ಸಲ ನೋಡಿದರು. “ಹಲ್ಲು ಮುರೀತಿರೋದು ಯಾರು ಅಂತ ಗೊತ್ತಾಯ್ತು ಸ್ವಾಮಿ. ಅವರನ್ನ ಬಿಚ್ಚಿ ಬೇರೆ ಹಾಕಕ್ಕೆ ನನ್ನತ್ರ ಸಾಮಾನಿಲ್ಲ.”

ಆ ವರ್ಷಗಳಲ್ಲಿ ಬೆಂಗಳೂರಿನಿಂದ ಜೀಪುಗಳ ದಂಡು ಬೇರೆ ಶುರುವಾಗಿತ್ತು. ಶನಿವಾರ, ಭಾನುವಾರ ನಂದಿಬೆಟ್ಟದ ಹಿಂದಿನ ಬಂಡೆಗಳ ಮೇಲೆ ಹತ್ತಿಳಿಯಲು ಬರುವವರು. ರಸ್ತೆಯಿರುವ ಊರಿನಿಂದ ಹೊರಟು, ರಸ್ತೆಯಿಲ್ಲದ ಜಾಗ ಹುಡುಕಿಕೊಂಡು ಇಷ್ಟು ದೂರ ಬರುವವರನ್ನು ಕಂಡು ನಮಗೆ ಆಶ್ಚರ್ಯ. ನಮ್ಮ ಕಡೆ ಅಂಥ ಜಾಗ ಬೇಕಾದಷ್ಟಿತ್ತು, ಯಾರೂ ಅದಕ್ಕಾಗಿ ಸಂತೋಷಪಟ್ಟಿರಲಿಲ್ಲ. ಅವರಲ್ಲಿ ಒಬ್ಬ ಒಮ್ಮೆ ಮಡ್‌ಗಾರ್ಡಿನಿಂದ ಒಂದು ಗೇಣು ಆಚೆ ಚಾಚಿದ ಟೈರುಗಳ ಜೀಪು ತಂದು ನಿಲ್ಲಿಸಿದ. ಮೇಸ್ತ್ರಿ ಅದನ್ನು ಸುತ್ತು ಹಾಕಿದರು, ಟೈರಿನ ಮೇಲೆ ಕೈಯಾಡಿಸಿದರು.

“ಹೇಗಿದೆ ಸಾರ್ ಟೈರು?”

“ಟೈರ್ ಬಹಳ ಚೆನ್ನಾಗಿದೆ. ಇದಕ್ಕೆ ಗಾಡಿ ಯಾವಾಗ ತಗೋತೀರ?”

ಇಂಥ ಮೇಸ್ತ್ರಿಯ ಬಳಿಗೆ ನಾವು ಹೋದದ್ದು, ನಮಗೆ ಬೇರೆ ಗತಿಯಿಲ್ಲದೆ.

ನಾನು ಆಗಲೂ ಈಗಲೂ ನಮ್ಮೂರ ಹಾಲಿನ ಸೊಸೈಟಿಯ ಸೆಕ್ರೆಟರಿ. ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಮೇಲಿದೆ. ನಮ್ಮ ತಲೆಯ ಮೇಲೆ, ಗುಡ್ಡದ ನೆತ್ತಿಯಲ್ಲಿ, ಗುಟ್ಟಪಲ್ಲಿ ಎನ್ನುವ ಮೂವತ್ತು ಮನೆಯ ಊರು. ಅಲ್ಲಿಂದ ನಮ್ಮಲ್ಲಿಗೆ ಮೂರು ಕಿಲೋಮೀಟರು ಬಂಡೆ, ಕೊರಕಲು, ಸಡಿಲು ಜಲ್ಲಿ. ಡೇರಿಯ ಲಾರಿ ಬೆಳಿಗ್ಗೆ ಏಳಕ್ಕೆ ನಮ್ಮ ಸೊಸೈಟಿಯ ಮುಂದೆ ನಿಂತು ಕ್ಯಾನು ಏರಿಸಿಕೊಂಡು ಹೋಗಿಬಿಡುತ್ತಿತ್ತು. ಗುಟ್ಟಪಲ್ಲಿಯ ಹೆಂಗಸರು ಕತ್ತಲಿರುವಾಗಲೇ ಹಾಲು ಹೊತ್ತು ಇಳಿಯಬೇಕು. ಆ ವರ್ಷದ ಮಳೆಗಾಲದಲ್ಲಿ ನರಸಮ್ಮ ಎನ್ನುವ ಹೆಂಗಸು ಹಾಲಿನ ಸಮೇತ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಎರಡು ಸೀಮೆಹಸು ಬಿಟ್ಟರೆ ಅವಳಿಗೆ ಬೇರೆ ಆಧಾರವಿಲ್ಲ. ಅವಳು ಬಿದ್ದ ಮೇಲೆ ಉಳಿದವರಿಗೂ ಹೆದರಿಕೆ ಹತ್ತಿ, ಗುಟ್ಟಪಲ್ಲಿಯ ಹಾಲು ದಿನವೂ ತಡವಾಗತೊಡಗಿತು. ಡೇರಿಯವರು ಸಭೆ ಕರೆದು, ಇನ್ನು ಆ ಊರನ್ನು ಪಟ್ಟಿಯಿಂದ ತೆಗೆಯುತ್ತೇವೆ ಅಂದರು. ಆ ಸಭೆಯಲ್ಲಿ ನಾನು, ಯಾವ ದೇವರು ಮೈಮೇಲೆ ಬಂದಿದ್ದನೋ, ಎದ್ದು ನಿಂತು, “ಗುಟ್ಟಪಲ್ಲಿ ಹಾಲನ್ನ ಏಳು ಗಂಟೆ ಒಳಗೆ ಗಾಡಿಯಲ್ಲೇ ಇಳಿಸ್ತೀವಿ ಸಾರ್, ನನ್ನ ಜವಾಬ್ದಾರಿ” ಅಂದುಬಿಟ್ಟೆ. ಅಧಿಕಾರಿ ನಕ್ಕು, “ಒಂದು ದಿನ ಬಂದು ನೋಡ್ತೀನಿ. ಅವತ್ತು ತಡ ಆದ್ರೆ ಮತ್ತೆ ಕೇಳ್ಬೇಡಿ” ಅಂದರು.

ಹೀಗೆ ಸೊಸೈಟಿಗೆ ಒಂದು ಹಳೆಯ ಜೀಪು ಬಂತು. ಹಿಂದೆ ಕ್ಯಾನು ಇಡಲು ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ, ಹರಾಜಿನಲ್ಲಿ ಹಿಡಿದದ್ದು. ಅದು ಅರ್ಧ ಗುಡ್ಡಕ್ಕೆ ಏದುಸಿರು ಬಿಟ್ಟು ನಿಂತಾಗ, ಸೊಸೈಟಿಯ ಅಧ್ಯಕ್ಷರು, ನಾಗರಾಜ, ನಾನು ಮೂವರೂ ಅದನ್ನು ಚಿಂತಾಮಣಿಗೆ ಹೊಡೆದುಕೊಂಡು ಹೋದೆವು.

ಮೇಸ್ತ್ರಿ ಬಾನೆಟ್ಟು ತೆಗೆಯಲೇ ಇಲ್ಲ. ಹಿಂದಿನ ಎರಡೂ ಚಕ್ರ ಎತ್ತಿಸಿದರು. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಚಕ್ರಕ್ಕೊಂದು ಗೆರೆ, ಗಾಡಿಯ ಹೊಟ್ಟೆಯಡಿ ತಿರುಗುವ ಉದ್ದನೆಯ ಶಾಫ್ಟಿಗೊಂದು ಗೆರೆ ಎಳೆದರು. ಚಕ್ರಗಳನ್ನು ಒಂದು ಸುತ್ತು ತಿರುಗಿಸಲು ಹೇಳಿ, ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿದರು. ಐದು ದಾಟಿತು. ಆಮೇಲೆ ಮುಂದಿನ ಚಕ್ರಗಳು. ನಾಲ್ಕೂ ತುಂಬಲಿಲ್ಲ. ಮತ್ತೊಮ್ಮೆ ಎಣಿಸಿದರು. ಆಮೇಲೆ ನೆಲದ ಮೇಲೆ ಕೂತು, ಮಿಲಿಟರಿಯಿಂದ ಬಂದ ಮೇಲೆ ಅಂಥದ್ದು ಕಂಡಿರಲೇ ಇಲ್ಲವೆಂಬಂತೆ ನಮ್ಮ ಮೂವರ ಮುಖವನ್ನೂ ಸರದಿಯಂತೆ ನೋಡಿದರು.

“ನಾಲ್ಕು ಚಕ್ರದ ಲಿವರ್ ಯಾರಾದ್ರೂ ಎಳೆದಿದೀರಾ ಇದರದು?”

“ಇಲ್ಲ ಮೇಸ್ತ್ರಿ,” ಅಂದ ನಾಗರಾಜ. “ಎಳೆದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ ಅಂತ ಅಧ್ಯಕ್ಷರು ಅದಕ್ಕೆ ದಾರ ಕಟ್ಟಿಸಿದಾರೆ.”

ನಾಲ್ಕು ಚಕ್ರದ ಎಳೆತವಿದೆ ಎಂದೇ ಆ ಜೀಪನ್ನು ಕೊಂಡವರು ನಾವು. ಕೊಂಡ ಮಾರನೆಯ ದಿನವೇ, ಯಾರೂ ಕೈ ಹಾಕದಿರಲೆಂದು ಲಿವರಿಗೆ ಕೆಂಪು ದಾರ ಸುತ್ತಿ ಗಂಟು ಹಾಕಿದವರೂ ನಾವೇ. ಗಂಟು ಗಟ್ಟಿಯಿದೆಯೇ ಎಂದು ವಾರಕ್ಕೊಮ್ಮೆ ನಾನೇ ಪರೀಕ್ಷಿಸುತ್ತಿದ್ದೆ.

“ಗೌಡ್ರೇ, ಜನ್ಮದಲ್ಲಿ ಒಂದು ಒಳ್ಳೆ ಕೆಲಸ ಮಾಡಿದೀರ, ಅದೂ ಗೊತ್ತಿಲ್ದೆ,” ಅಂದರು ಮೇಸ್ತ್ರಿ, ಅಧ್ಯಕ್ಷರಿಗೆ. “ಯಾವನೋ ಪುಣ್ಯಾತ್ಮ ಮುಂದೆ ಒಂದು ಗೇರು, ಹಿಂದೆ ಒಂದು ಗೇರು ಕೂರಿಸಿದಾನೆ. ಲಿವರ್ ಎಳೆದಿದ್ರೆ ಮುಂದಿನ ಚಕ್ರ ಗೌರಿಬಿದನೂರಿಗೆ ಹೋಗಣ ಅನ್ನೋದು, ಹಿಂದಿನದು ಚಿಂತಾಮಣೀಲೇ ಇರಣ ಅನ್ನೋದು. ಮಧ್ಯದಲ್ಲಿ ಗೇರ್ ಪೆಟ್ಟಿಗೆ ಹೋಳು.”

ಹಿಂದಿನದು ಎಂಟು ನಲವತ್ಮೂರು, ಮುಂದಿನದು ಹನ್ನೊಂದು ನಲವತ್ತೊಂದು ಎಂದು ಗೋಡೆಯ ಮೇಲೆ ಬರೆದು ತೋರಿಸಿದರು. ಚಿಕ್ಕ ಗೇರಿಗೆ ಎಂಟು ಹಲ್ಲು, ದೊಡ್ಡದಕ್ಕೆ ನಲವತ್ಮೂರು. ಶಾಫ್ಟು ಐದು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಗಾಡಿ ನಿಧಾನ, ಹಿಡಿತ ಜಾಸ್ತಿ. ಇನ್ನೊಂದು ಓಟದ ಗೇರು, ಹಿಡಿತ ಕಮ್ಮಿ. ಮುಂದೆ ಹಿಂದೆ ಎರಡೂ ಒಂದೇ ಇರಬೇಕು. ಯಾವುದೆಂದು ನಾವು ಹೇಳಬೇಕು. ಅಧ್ಯಕ್ಷರು ತಡಮಾಡಲಿಲ್ಲ.

“ಓಟದ್ದೇ ಎರಡು ಕಡೆಗೂ ಹಾಕ್ಬಿಡಿ ಮೇಸ್ತ್ರಿ. ರೋಡಲ್ಲಿ ಎಂಬತ್ತಾದ್ರೂ ಹೋಗ್ಬೇಕು.”

ಎಂಬತ್ತರ ಹಿಂದಿನ ಕಥೆ ನನಗೆ ಗೊತ್ತಿತ್ತು. ಈಗ ಜಿಲ್ಲೆಯಾಗಿರುವ ಚಿಕ್ಕಬಳ್ಳಾಪುರ ಆಗಿನ್ನೂ ತಾಲ್ಲೂಕು; ಅಲ್ಲಿಗೆ ಒಂದು ಮೀಟಿಂಗಿಗೆ ಹೋಗುವಾಗ ಪಕ್ಕದೂರಿನ ಅಧ್ಯಕ್ಷರ ಗಾಡಿ ಹಾರನ್ನು ಹೊಡೆದು ನಮ್ಮವರನ್ನು ಹಿಂದೆ ಹಾಕಿತ್ತು. ಗುಟ್ಟಪಲ್ಲಿಯ ಮೂವತ್ತು ಮನೆಯ ಹಾಲು ಈಗ ಆ ಹಾರನ್ನಿಗೆ ಉತ್ತರ ಕೊಡಬೇಕಾಗಿತ್ತು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಧ್ಯಕ್ಷರ ಎದುರು ನನ್ನ ಮಾತೆಲ್ಲ ಮನೆಗೆ ಹೋದ ಮೇಲೆ ಹೊರಡುತ್ತದೆ.

ಮೇಸ್ತ್ರಿ ಕೇಳಿದರು: “ಗುಡ್ಡಕ್ಕೆ ಹತ್ತೋವಾಗ ಏನು ತಗೊಂಡ್ಹೋಗ್ತೀರ?”

“ಖಾಲಿ ಕ್ಯಾನು.”

“ಇಳಿಯೋವಾಗ?”

“ತುಂಬಿದ ಕ್ಯಾನು.”

“ಮತ್ತೆ ಬಂದಾಗಿಂದ ಹತ್ತಲ್ಲ, ಹತ್ತಲ್ಲ ಅಂತ ಅಳ್ತಿದೀರಲ್ಲ ಮೂರು ಜನಾನೂ. ಖಾಲಿ ಕ್ಯಾನು ಹತ್ತಿಸಕ್ಕೆ ಕತ್ತೆ ಸಾಕು. ಹತ್ತದೆ ನಿಂತ್ರೆ ತಳ್ಳಬೋದು. ಇಳಿಯೋವಾಗ ನಿಲ್ಲದೆ ಹೋದ್ರೆ ಯಾರು ಹಿಡ್ಕೋತೀರ? ನೀವಾ? ಈ ಸೆಕ್ರೆಟ್ರಿನಾ?”

ಆಗ ನನಗೆ ನಾಚಿಕೆಯಾಯಿತು. ಹಗಲೂ ರಾತ್ರಿ ಚಿಂತೆ ಮಾಡುವುದೇ ನನ್ನ ಕಸುಬು. ಆ ಕಸುಬಿನಲ್ಲೂ ಹತ್ತುವುದರ ಚಿಂತೆಯೊಂದನ್ನೇ ಮಾಡಿದ್ದೆ. ಹಾಲು ಬರುವುದು ಮೇಲಿನಿಂದ ಕೆಳಕ್ಕೆ. ಬ್ರೇಕು ಒತ್ತಿ ಒತ್ತಿ ಇಳಿಸಿದರೆ ಚಕ್ರ ಕಚ್ಚಿಕೊಂಡು ಜಲ್ಲಿಯ ಮೇಲೆ ಗಾಡಿ ಜಾರುತ್ತದೆ. ಬ್ರೇಕು ಮುಟ್ಟದೆ ಗೇರಿನ ಹಿಡಿತದಲ್ಲೇ ಇಳಿಯಬೇಕಾದರೆ ಎಂಟು ನಲವತ್ಮೂರೇ ಆಗಬೇಕು. ಇಷ್ಟನ್ನೂ ಅವರು ನಾಗರಾಜನಿಗೆ ಹೇಳಿದರು, ನಮಗಲ್ಲ. ಅಧ್ಯಕ್ಷರು ಎಂಬತ್ತು ಎಂದು ಇನ್ನೊಮ್ಮೆ ಬಾಯಿ ತೆಗೆದರು. ಮೇಸ್ತ್ರಿ ಗಾಡಿಯ ಕೆಳಗೆ ತೂರಿಕೊಂಡರು.

ಮುಂದಿನ ಆಕ್ಸಲ್ಲಿಗೆ ಎಂಟು ನಲವತ್ಮೂರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಗೌರಿಬಿದನೂರಿನ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಬಳೆಯಂಥ ದೊಡ್ಡ ಗೇರನ್ನೂ, ಗೇಣುದ್ದದ ಸರಳಿರುವ ಚಿಕ್ಕ ಗೇರನ್ನೂ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಚೀಲದ ಎಣ್ಣೆ ಪಂಚೆಗೆ ಇಳಿಯುವುದನ್ನು ನೋಡುತ್ತಾ ಚಿಂತಾಮಣಿಗೆ ತಂದೆ. ಪಕ್ಕದಲ್ಲಿದ್ದ ಮುದುಕಿ, “ಹಲಸಿನಹಣ್ಣೇನಪ್ಪ?” ಎಂದು ಕೇಳಿದಳು. ಹೌದು ಅಂದೆ. ವಿವರಿಸುವ ಶಕ್ತಿಯಿರಲಿಲ್ಲ.

ಮೇಸ್ತ್ರಿ ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಕೊರೆದಿದ್ದ ನಂಬರುಗಳನ್ನು ನೋಡಿ ನನ್ನ ಮುಂದೆ ಕುಕ್ಕಿದರು. “ಇದರ ನಂಬರ್ ಓದು. ಈಗ ಇದರದ್ದು ಓದು.” ಓದಿದೆ. ಬೇರೆ ಬೇರೆ ಇದ್ದವು. “ಹುಟ್ಟಿದಾಗಿಂದ ಒಂದರ ಜೊತೆ ಒಂದು ಸವೆದಿರ್ಬೇಕು ಕಣಪ್ಪ. ಯಾರದೋ ಗಂಡ, ಯಾರದೋ ಹೆಂಡ್ತಿ ಕರ್ಕೊಂಡ್ ಬಂದು ಸಂಸಾರ ಮಾಡಿಸು ಅಂತೀಯಲ್ಲ. ಹೋಗು, ಜೋಡಿ ತಗೊಂಡು ಬಾ.” ಮತ್ತೆ ಗೌರಿಬಿದನೂರು. ಗುಜರಿಯವನ ರಾಶಿಯನ್ನು ಮಧ್ಯಾಹ್ನದವರೆಗೆ ಕೆದಕಿ ನಂಬರು ಹೊಂದುವ ಜೋಡಿ ಹುಡುಕಿದೆ. ದಾರಿಯಲ್ಲಿ ಅದಲುಬದಲಾದೀತೆಂದು ಎರಡನ್ನೂ ಸೇರಿಸಿ ತಂತಿಯಲ್ಲಿ ಕಟ್ಟಿದೆ. ಇದ್ದದ್ದೇ ಎರಡು, ಯಾವುದರ ಜೊತೆ ಅದಲುಬದಲಾಗುತ್ತಿತ್ತೋ ಆ ಹೊತ್ತಿಗೆ ಹೊಳೆಯಲಿಲ್ಲ.

ಗೇರು ಕೂರಿಸುವ ದಿನ ಅಧ್ಯಕ್ಷರೂ ಬಂದಿದ್ದರು. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಮೇಸ್ತ್ರಿಯದೊಂದು ಉಪಾಯವಿತ್ತು. ಶೆಡ್ಡಿನ ದೇವರ ಪಟದ ಮುಂದಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಲ್ಲುಗಳಿಗೆ ಸವರುವುದು, ಗೇರು ತಿರುಗಿಸುವುದು, ಕುಂಕುಮ ಎಲ್ಲಿ ಅಳಿಸಿದೆಯೋ ಅಲ್ಲಿ ಹಲ್ಲು ತಾಗುತ್ತಿದೆ ಎಂದು ಅರ್ಥ. ಹಲ್ಲಿನ ನಡುಮಧ್ಯೆ ಅಳಿಸಬೇಕು, ಅಂಚಿನಲ್ಲಲ್ಲ. ಅಧ್ಯಕ್ಷರು ಶೆಡ್ಡಿನೊಳಗೆ ಕಾಲಿಟ್ಟಾಗ ಕಂಡದ್ದು, ಮಂಡಿಯೂರಿದ ಮೇಸ್ತ್ರಿ, ಮೈತುಂಬ ಕುಂಕುಮ ಹಚ್ಚಿಕೊಂಡ ಗೇರು. ಅವರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಅವರನ್ನು ನೋಡಿ ನಾಗರಾಜ ಬಿಟ್ಟ. ಇಬ್ಬರನ್ನೂ ನೋಡಿ, ಅದು ಪೂಜೆಯಲ್ಲವೆಂದು ಚೆನ್ನಾಗಿ ಗೊತ್ತಿದ್ದ ನಾನೂ ಬಿಟ್ಟೆ.

ಮೇಸ್ತ್ರಿ ತಲೆಯೆತ್ತಿ ಮೂರು ಜೊತೆ ಬರಿಗಾಲು ನೋಡಿದರು. “ಚಪ್ಪಲಿ ಹಾಕ್ಕೊಳ್ರಿ. ಕಬ್ಬಿಣದ ಚೂರು ಬಿದ್ದಿದೆ, ಚುಚ್ಚುತ್ತೆ.”

ಗೇರಿನಲ್ಲಿ ಸೋತ ಅಧ್ಯಕ್ಷರು ಟೈರಿನಲ್ಲಿ ಗೆಲ್ಲಲು ನೋಡಿದರು. ನಮಗೆ ಹೇಳದೆ ನಾಲ್ಕು ಅಗಲವಾದ ದೊಡ್ಡ ಟೈರು ತಂದು ಶೆಡ್ಡಿನ ಮುಂದೆ ಇಳಿಸಿದರು. ಇವು ಬೇಡ ಎಂದು ಮೇಸ್ತ್ರಿ ಕೂಗಾಡುತ್ತಾರೆಂದು ನಾನು ಬಾಗಿಲ ಹತ್ತಿರ ಸರಿದೆ. ಅವರು ಮಾತೇ ಆಡದೆ ಮುಂದಿನ ಎರಡನ್ನು ಹಾಕಿಸಿದರು. ಅಧ್ಯಕ್ಷರನ್ನೇ ಸ್ಟೇರಿಂಗಿನ ಮುಂದೆ ಕೂರಿಸಿ, “ಪೂರಾ ಎಡಕ್ಕೆ ತಿರುಗಿಸಿ” ಅಂದರು. ಟೈರು ಅರ್ಧ ತಿರುಗಿ ಒಳಗಿನ ಸ್ಪ್ರಿಂಗಿನ ಕಮಾನುಪಟ್ಟಿಗೆ ಉಜ್ಜಿಕೊಂಡು ನಿಂತಿತು.

“ಗುಟ್ಟಪಲ್ಲಿ ದಾರೀಲಿ ಎಡಕ್ಕೆ ತಿರುವು ಇದೆಯಾ ಗೌಡ್ರೇ?”

“ಆರೇಳಿವೆ.”

“ಎಲ್ಲಾನೂ ಬಲಕ್ಕೆ ಮಾಡಿಸ್ಬಿಡಿ. ನೀವು ಅಧ್ಯಕ್ಷರು, ನಿಮ್ಮ ಮಾತು ನಡೆಯುತ್ತೆ.”

ಕೊನೆಗೆ ಬಂದದ್ದು ಮಿಲಿಟರಿ ನಮೂನೆಯ ಸಪೂರ ಟೈರು, ಗುಂಡಿಗುಂಡಿಯಂಥ ಕಚ್ಚು ಇರುವುದು. ದೊಡ್ಡ ಟೈರು ಹಾಕಿದರೆ ಗೇರು ಹಾಕಿದ್ದೇ ದಂಡ. ಚಕ್ರ ದೊಡ್ಡದಾದಷ್ಟೂ ಹಿಡಿತ ಕಮ್ಮಿ ಎಂದು ಇದನ್ನೂ ನಾಗರಾಜನಿಗೇ ವಿವರಿಸಿದರು. ಅಗಲವಾದ ಟೈರುಗಳು ನಮ್ಮ ಸೊಸೈಟಿಯ ಮುಂದೆ ಇವತ್ತಿಗೂ ಬಿದ್ದಿವೆ. ಕೂರಲು ಅನುಕೂಲ.

ಅಧಿಕಾರಿ ಬರುವ ಹಿಂದಿನ ಸಂಜೆ ಮೇಸ್ತ್ರಿ ತಾವಾಗಿಯೇ ಬಸ್ಸಿಳಿದು ಬಂದರು. ಕರೆದಿರಲಿಲ್ಲ. ಕರೆಯುವ ಧೈರ್ಯವಿರಲಿಲ್ಲ. “ನೀವು ಏನೇನು ಹಾಳು ಮಾಡ್ತೀರ ನೋಡಣ ಅಂತ ಬಂದೆ” ಅಂದರು. ನಮ್ಮ ಮನೆಯಲ್ಲಿ ಊಟ. ಮೂರು ಮುದ್ದೆ ತಿಂದು, ಕೈ ತೊಳೆಯುವಾಗ ನನ್ನ ಹೆಂಡತಿಗೆ, “ಮುದ್ದೇಲಿ ಗಂಟಿಲ್ಲ ಕಣಮ್ಮ” ಅಂದರು. ಒಬ್ಬರಿಗೂ ಒಳ್ಳೆಯ ಮಾತಾಡಲಿಲ್ಲವೆಂದು ಮೇಲೆ ಬರೆದದ್ದನ್ನು ಈ ಒಂದು ಕಡೆ ತಿದ್ದಿಕೊಳ್ಳಬೇಕು. ಅವಳು ಅದನ್ನು ಈಗಲೂ ಹೇಳಿಕೊಳ್ಳುತ್ತಾಳೆ. ಹದಿನೈದು ವರ್ಷ ತಿಂದ ನಾನು ಯಾಕೆ ಒಮ್ಮೆಯೂ ಹೇಳಲಿಲ್ಲ ಎನ್ನುವುದು ಅದರ ಮುಂದಿನ ವಾಕ್ಯ.

ಬೆಳಿಗ್ಗೆ ಐದಕ್ಕೆ ನಾಗರಾಜ, ಮೇಸ್ತ್ರಿ, ನಾನು ಗುಡ್ಡ ಹತ್ತಿದೆವು. ದಾರ ಬಿಚ್ಚಿದ ಲಿವರು ಮೇಸ್ತ್ರಿಯ ಕೈಯಲ್ಲೇ ಇತ್ತು. ಜೀಪು ಗೊಣಗಿಕೊಂಡು ಹತ್ತಿತು. ಮೇಲೆ ಹೆಂಗಸರು ಹಾಲು ಅಳೆದು ಸುರಿದರು. ಮುಂಗೈಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದ ನರಸಮ್ಮ ಒಂದೇ ಕೈಯಲ್ಲಿ ಸುರಿದು, “ಇವತ್ತು ತಪ್ಪಿದ್ರೆ ಹಸು ಮಾರೋದೇ ಸೆಕ್ರೆಟ್ರಿ” ಅಂದಳು. ಹನ್ನೆರಡು ಕ್ಯಾನು. ಹಗ್ಗ ಬಿಗಿದು, ಎಣಿಸಿ, ಅವುಗಳ ನಡುವೆ ಕಾಲು ಮಡಚಿ ಕೂತೆ.

ಗುಟ್ಟಪಲ್ಲಿ ಬಿಟ್ಟು ಸ್ವಲ್ಪ ಕೆಳಗೇ ಬಂಡೆಯೊಂದು ಮೆಟ್ಟಿಲಿನ ಹಾಗೆ ಅಡ್ಡ ಬಿದ್ದಿದೆ. ನಾವೆಲ್ಲ ಹೆದರಿದ್ದು ಅದಕ್ಕೇ. ಮೇಸ್ತ್ರಿ ಅಲ್ಲಿ ಇಳಿದರು. ನಾಗರಾಜನಿಗೆ, “ಒಂದನೇ ಗೇರು. ಬ್ರೇಕ್ ಮೇಲಿಂದ ಕಾಲು ತೆಗಿ. ಮುಟ್ಟಿದ್ರೆ ಕಾಲು ಮುರೀತೀನಿ. ಬಂಡೆ ದಾಟಿದ ಮೇಲೆ ಎಲ್ಲೂ ನಿಲ್ಲಿಸ್ಬೇಡ, ಜಲ್ಲೀಲಿ ನಿಂತ್ರೆ ಜಾರ್ತೀಯ. ಸೀದಾ ಸೊಸೈಟಿಗೆ ಹೋಗು, ನಾನು ಇಲ್ಲೇ ಇರ್ತೀನಿ” ಅಂದರು. ಜೀಪಿನ ಮುಂದೆ ಹಿಂದಕ್ಕೆ ನಡೆಯುತ್ತಾ, ಎರಡು ಬೆರಳಲ್ಲಿ ಎಡಕ್ಕೆ, ಬಲಕ್ಕೆ ಎಂದು ಸನ್ನೆ ಮಾಡಿದರು. ಮುಂದಿನ ಚಕ್ರ ಬಂಡೆಯಿಂದ ಇಳಿಯಿತು. ಹಿಂದಿನದು ಇಳಿಯಿತು. ಇದನ್ನು ನಾಗರಾಜ ಹೇಳಿದ್ದು. ನಾನು ಕಣ್ಣು ಮುಚ್ಚಿಕೊಂಡು ಎರಡು ಕ್ಯಾನುಗಳನ್ನು ಅಪ್ಪಿಕೊಂಡಿದ್ದೆ. ಕಣ್ಣು ಬಿಟ್ಟಾಗ ಜೀಪು ತುಂಬಿದ ಬಿಂದಿಗೆ ಹೊತ್ತ ಹೆಂಗಸಿನ ಹಾಗೆ, ಒಂದೇ ನಡಿಗೆಯಲ್ಲಿ ಗುಡ್ಡ ಇಳಿಯುತ್ತಿತ್ತು.

ಏಳಕ್ಕೆ ಹನ್ನೆರಡು ನಿಮಿಷ ಇರುವಾಗ ಸೊಸೈಟಿ ಮುಟ್ಟಿದೆವು. ಕ್ಯಾನುಗಳನ್ನು ಇಳಿಸುತ್ತಾ ಇನ್ನೊಮ್ಮೆ ಎಣಿಸಿದೆ. ಅಧಿಕಾರಿ ಒಂದೊಂದರ ಮುಚ್ಚಳ ತೆಗೆದು ಮೂಸಿ ನೋಡಿ, ಗಡಿಯಾರ ನೋಡಿ, “ಆಯ್ತು ಕಣ್ರೀ, ಗುಟ್ಟಪಲ್ಲಿ ಇರಲಿ” ಅಂದರು. ಲಾರಿ ಬಂತು, ಹಾಲು ಹೋಯಿತು. ಅಧ್ಯಕ್ಷರಿಗೆ ಹಾರ, ಅಧಿಕಾರಿಗೆ ಹಾರ, ನಾಗರಾಜನಿಗೆ ಹಾರ, ಜೀಪಿನ ಮೂತಿಗೆ ಹಾರ. ನನಗೂ ಒಂದು ಬಿತ್ತು. ಅಧ್ಯಕ್ಷರು ಹಾರದ ಸಮೇತ ಜೀಪು ಹತ್ತಿ, ತೋರಿಸಿಕೊಂಡು ಬರಲು ಶಿಡ್ಲಘಟ್ಟಕ್ಕೆ ಹೋಗಿ ಬಂದರು. ಬಂದ ಮೇಲೆ ನಾಗರಾಜ ಜೀಪು ತೊಳೆಯುತ್ತಿದ್ದ. ನಾನು ಎಲ್ಲರಿಗೂ ಟೀ, ಬೋಂಡ ಹೇಳಿ, ಭಾಷಣದ ಹಾಗೆ ಏನೋ ಹೇಳುತ್ತಿದ್ದೆ.

ಒಂಬತ್ತೂವರೆಯ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಖಾಕಿ ಚಡ್ಡಿ ಕಂಡಿತು. ಅರವತ್ತೈದು ದಾಟಿದ ಮನುಷ್ಯ, ಒಂದು ಮಂಡಿಯ ಮೇಲೆ ಕೈಯಿಟ್ಟುಕೊಂಡು, ಕಿತ್ತುಹೋದ ಚಪ್ಪಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದರು. ನನ್ನ ಬಾಯಲ್ಲಿ ಬೋಂಡ ಹಾಗೇ ಉಳಿಯಿತು. ಅವರು ನೇರ ನಾಗರಾಜನ ಹತ್ತಿರ ಹೋದರು.

“ಬ್ರೇಕ್ ಮುಟ್ಟಿದ್ಯಾ?”

“ಒಂದ್ಸಲನೂ ಇಲ್ಲ ಮೇಸ್ತ್ರಿ.”

“ಸರಿ.”

ನನ್ನತ್ತ ನೋಡಿದರು. ಮೂರು ಭಾಷೆಯಲ್ಲೂ ಬೈಯಲೆಂದು ಕಾದು ನಿಂತೆ. ಬೈಯಲಿಲ್ಲ. ಚಿಂತಾಮಣಿ ಬಸ್ಸು ಬಂತು, ಹತ್ತಿಕೊಂಡು ಹೋದರು.

ಮಾರನೆಯ ದಿನ ಹಾಲು ತರಲು ಹೋದಾಗ ನರಸಮ್ಮ ಹೇಳಿದಳು. ಬಿಸಿಲೇರುವವರೆಗೂ ಅವರು ಆ ಬಂಡೆಯ ಮೇಲೇ ಕೂತಿದ್ದರಂತೆ. ನಡೀರಿ ತಾತ, ನಾನು ಜೊತೆಗೆ ಬರ್ತೀನಿ ಅಂದರೂ ಏಳಲಿಲ್ಲವಂತೆ.

“ಗಾಡಿ ಬರ್ತದೆ ಕಣಮ್ಮ ಅಂದ್ರು. ಆ ಸೆಕ್ರೆಟ್ರಿ ಬಿದ್ದಿದ್ದು ಎದ್ದಿದ್ದು ಎಲ್ಲಾ ಎಣಿಸ್ಕೊಳ್ಳೋ ಪ್ರಾಣಿ, ಅವನು ಮರೆಯಲ್ಲ, ಕಳಿಸ್ತಾನೆ ಅಂದ್ರು.”

ನಾನು ಎಣಿಸಿದ್ದೆ. ಮೇಲೆ ಒಂದು ಸಲ, ಕೆಳಗೆ ಒಂದು ಸಲ. ಹನ್ನೆರಡು ಕ್ಯಾನೂ ಇದ್ದವು.